ಮೈಲೇಜ್ ತಿಂದದ್ದು ಎಥೆನಾಲೋ, ಸೆನ್ಸರೋ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಯಾವ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೂ ಒಂದು ದೂರು ಕಿವಿಗೆ ಬಿದ್ದೇ ಬೀಳುತ್ತದೆ: ಕಾರು ಮೊದಲಿನ ಹಾಗೆ ಮೈಲೇಜ್ ಕೊಡುತ್ತಿಲ್ಲ. ದೂರಿನ ಬೆನ್ನಿಗೇ ತೀರ್ಪೂ ಬರುತ್ತದೆ. ‘ಪೆಟ್ರೋಲ್‌ಗೆ ಸ್ಪಿರಿಟ್ ಸೇರಿಸ್ತಾವ್ರಲ್ಲ ಸಾರ್, ಇನ್ನೇನಾಯ್ತದೆ ಬುಡಿ.’ ಕಬ್ಬು ಬೆಳೆಯುವ ಜಿಲ್ಲೆಯಲ್ಲೇ ಎಥೆನಾಲ್‌ಗೆ ಇಷ್ಟು ಬೈಗುಳ ಬೀಳುವುದು ತಮಾಷೆ. ಬೈಗುಳದಲ್ಲಿ ಸತ್ಯವೂ ಇದೆ. ಆದರೆ ಎಷ್ಟು ಸತ್ಯ ಎಂದು ಲೆಕ್ಕ ಹಾಕುವವರು ಕಡಿಮೆ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಐದು ಪಾಲಿನಲ್ಲಿ ಒಂದು ಪಾಲು ಎಥೆನಾಲ್ ಆದರೆ, ಅಂದರೆ ಇ-20 ಆದರೆ, ಒಟ್ಟು ಶಕ್ತಿ ಶೇ 6–7ರಷ್ಟು ಇಳಿಯುತ್ತದೆ. ನೀತಿ ಆಯೋಗದ 2021ರ ಎಥೆನಾಲ್ ವರದಿಯೂ ಹಳೆಯ ವಿನ್ಯಾಸದ ಕಾರುಗಳಿಗೆ ಇದೇ ಶೇ 6–7ರ ಅಂದಾಜು ಕೊಟ್ಟಿತ್ತು. ಇ-20ಗೆ ಹೊಂದಿಸಿ ತಯಾರಾದ ಕಾರುಗಳಿಗೆ ಶೇ 1–2 ಮಾತ್ರ. ಇ-20 ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2025ರ ಹೊತ್ತಿಗೆ ಅದು ಊರೂರಿನ ಬಂಕಿಗೂ ತಲುಪಿತು. ಅಂದರೆ ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಹಳೆಯ ಕಾರು 17ಕ್ಕೆ ಇಳಿದರೆ ಎಥೆನಾಲನ್ನು ಬೈಯಬಹುದು. 18 ಇದ್ದದ್ದು 13ಕ್ಕೆ ಬಂದರೆ? ಅದು ಶೇ 28ರ ಕುಸಿತ. ಅದನ್ನೆಲ್ಲ ಬಂಕಿನ ಲೆಕ್ಕಕ್ಕೆ ಬರೆದರೆ ತಪ್ಪಿತಸ್ಥ ಬಾನೆಟ್‌ನ ಒಳಗೇ ಆರಾಮವಾಗಿ ಕೂತಿರುತ್ತಾನೆ.

ಗಾಳಿ ಇಲ್ಲದ ಟಯರ್, ಹಿಡಿದುಕೊಂಡ ಬ್ರೇಕ್, ಜಾರುವ ಕ್ಲಚ್, ಕಟ್ಟಿದ ಏರ್ ಫಿಲ್ಟರ್ ಎಲ್ಲವನ್ನೂ ಮೊದಲು ನೋಡಬೇಕು. ಅವೆಲ್ಲ ಸರಿಯಿದ್ದು, ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಮಸಿ ಹಿಡಿದು ಕಪ್ಪಾಗಿದ್ದು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆಗಾಗ ಹತ್ತುತ್ತಿದ್ದರೆ, ಅನುಮಾನ ಆಕ್ಸಿಜನ್ ಸೆನ್ಸರ್ ಕಡೆ ತಿರುಗಬೇಕು. ಮೆಕ್ಯಾನಿಕ್‌ಗಳು ಇದನ್ನು ‘ಓಟು ಸೆನ್ಸರ್’ ಅಂತಾರೆ, ಇನ್ನೂ ಕೆಲವರು ‘ಲ್ಯಾಂಬ್ಡಾ’.

ನೋಡಲು ಅದು ದೊಡ್ಡ ವಸ್ತುವೇನಲ್ಲ. ಸ್ಪಾರ್ಕ್ ಪ್ಲಗ್‌ನ ದಾಯಾದಿಯ ಹಾಗಿರುತ್ತದೆ. 22 ಎಂ.ಎಂ. ಸ್ಪ್ಯಾನರ್ ಹಿಡಿಯುವ ಆರು ಮೂಲೆಯ ನಟ್ಟು, ಅದರ ಕೆಳಗೆ ತೂತು ತೂತಿನ ಉಕ್ಕಿನ ಟೋಪಿ, ಮೇಲಿನಿಂದ ಹೊರಟ ಮೂರೋ ನಾಲ್ಕೋ ತಂತಿ. ಎಂಜಿನ್ನಿನಿಂದ ಹೊಗೆ ಹೊರಬರುವ ಪೈಪಿನ ಗೋಡೆಗೆ ಇದನ್ನು ತಿರುಪಿ ಕೂರಿಸಿರುತ್ತಾರೆ. ಟೋಪಿಯೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿ ಜಾತಿಯ ವಸ್ತುವಿನ ಪುಟ್ಟ ಕೊಳವೆ, ಅದರ ಒಳಮೈ ಹೊರಮೈಗೆ ಪ್ಲಾಟಿನಂನ ತೆಳು ಲೇಪ. ಹೊರಮೈಗೆ ಹೊಗೆ ತಾಗುತ್ತದೆ, ಒಳಮೈಗೆ ಬರೀ ಗಾಳಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಈ ಪಿಂಗಾಣಿಯ ಮೂಲಕ ಆಮ್ಲಜನಕದ ಅಯಾನುಗಳು ಹಾದುಹೋಗತೊಡಗುತ್ತವೆ. ಎರಡೂ ಬದಿಯ ಆಮ್ಲಜನಕದ ಪ್ರಮಾಣ ಬೇರೆ ಬೇರೆ ಇದ್ದರೆ ಅಲ್ಲೊಂದು ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದೇ ಇಲ್ಲದಿದ್ದರೆ, ಅಂದರೆ ಪೆಟ್ರೋಲ್ ಹೆಚ್ಚಾಗಿದ್ದರೆ, ಸುಮಾರು 0.9 ವೋಲ್ಟ್. ಆಮ್ಲಜನಕ ಮಿಕ್ಕಿದ್ದರೆ, ಅಂದರೆ ಪೆಟ್ರೋಲ್ ಸಾಲದಿದ್ದರೆ, 0.1 ವೋಲ್ಟ್.

ಇದನ್ನು ನೋಡಿ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಎಂ, ಪೆಟ್ರೋಲನ್ನು ಒಂದಿಷ್ಟು ಏರಿಸುತ್ತದೆ, ಮರುಕ್ಷಣ ಇಳಿಸುತ್ತದೆ. ಪಾಂಡವಪುರದ ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ, ಆಲೆಮನೆ ನೋಡಿದವರೇ ಎಲ್ಲ. ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವನು ಕೊಳವೆಯ ತುದಿಯ ಹೊಗೆ ನೋಡಿಕೊಂಡೇ ಉರಿ ಹಾಕುತ್ತಾನೆ. ಹೊಗೆ ಕಪ್ಪಾದರೆ ಕೈ ತಡೆಯುತ್ತಾನೆ, ಉರಿ ಸೊರಗಿದರೆ ಇನ್ನೊಂದು ತೆಕ್ಕೆ ನೂಕುತ್ತಾನೆ. ಅವನ ಕಣ್ಣಿನ ಕೆಲಸ ಸೆನ್ಸರ್‌ನದು, ಕೈಯ ಕೆಲಸ ಇಸಿಎಂನದು. ಕಣ್ಣಿಗೆ ಪೊರೆ ಬಂದರೆ ಕೈ ಎಷ್ಟು ಗಟ್ಟಿ ಇದ್ದೇನು?

ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ, ಇದು ಪೂರ್ತಿ ಉರಿಯುವ ಹದ. ಆ ಹದವನ್ನೇ ಲ್ಯಾಂಬ್ಡಾ 1 ಎನ್ನುವುದು. ಶುದ್ಧ ಎಥೆನಾಲ್‌ಗೆ 9 ಪಾಲು ಗಾಳಿ ಸಾಕು, ಏಕೆಂದರೆ ಅದರ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ. ಇ-20ರ ಹದ 13.5ರ ಹತ್ತಿರ. ಅಂದರೆ ಅದೇ ಗಾಳಿಗೆ ಈಗ ಹೆಚ್ಚು ಇಂಧನ ಚಿಮ್ಮಿಸಬೇಕು. ಸೆನ್ಸರ್‌ಗೆ ಎಥೆನಾಲ್ ಅಂದರೆ ಏನೆಂದು ಗೊತ್ತಿಲ್ಲ. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದೆ ಅನ್ನುತ್ತದೆ, ಇಸಿಎಂ ಇಂಧನ ಏರಿಸುತ್ತದೆ. ಸ್ಕ್ಯಾನರ್‌ನಲ್ಲಿ ‘ಫ್ಯೂಯಲ್ ಟ್ರಿಮ್’ ಎಂದು ಕಾಣುವುದು ಈ ತಿದ್ದುಪಡಿಯ ಅಳತೆ. ಬರೀ ಪೆಟ್ರೋಲ್‌ಗೆ ಹೊಂದಿಸಿದ್ದ ಹಳೆಯ ಕಾರಿನಲ್ಲಿ ಅದು ಶೇ 8–9ರಷ್ಟು ಮೇಲೆ ನಿಂತಿದ್ದರೆ ಗಾಬರಿ ಬೇಡ, ಅದು ಎಥೆನಾಲ್‌ನ ಪಾಲು. ಆದರೆ ತಿದ್ದುಪಡಿಗೂ ಮಿತಿ ಉಂಟು. ಸಾಮಾನ್ಯವಾಗಿ ಶೇ 20–25 ದಾಟಿದರೆ ಇಸಿಎಂ ಸೋತು ಹಳದಿ ದೀಪ ಹಚ್ಚುತ್ತದೆ. ಮೊದಲೇ ಮಂದವಾಗಿದ್ದ ಸೆನ್ಸರ್, ಸ್ವಲ್ಪ ಸೋರುತ್ತಿದ್ದ ಹೋಸು, ಅದರ ಮೇಲೆ ಇ-20 ಸೇರಿದಾಗ ದೀಪ ಹತ್ತಿತು ಅಂತಿಟ್ಟುಕೊಳ್ಳಿ. ಜನ ಕೊನೆಗೆ ಬಂದದ್ದನ್ನೇ ಬೈಯುತ್ತಾರೆ. ಇ-20 ಬಂದ ಮೇಲೆ ಸೆನ್ಸರ್ ಚುರುಕಾಗಿರಬೇಕಾದ ಅಗತ್ಯ ಹೆಚ್ಚಿದೆ ಎನ್ನುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಈ ಸೆನ್ಸರ್‌ನ ವಂಶ ದೊಡ್ಡದು. ಆಮ್ಲಜನಕದ ವ್ಯತ್ಯಾಸದಿಂದ ಎಷ್ಟು ವೋಲ್ಟ್ ಹುಟ್ಟುತ್ತದೆ ಎಂದು ಲೆಕ್ಕ ಹಾಕುವ ಸಮೀಕರಣ ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ ಅವರದು, 1889ರದ್ದು. ಕಾದ ಜಿರ್ಕೋನಿಯಾದಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಹಿಡಿದು 1897ರಲ್ಲಿ ದೀಪವನ್ನೂ ಮಾಡಿದ್ದರು ಆತ. ಕಾರಿನೊಳಗೆ ಇದು ಕಾಲಿಟ್ಟದ್ದು 1976ರಲ್ಲಿ, ಬಾಷ್ ಕಂಪನಿ ತಯಾರಿಸಿ ವೋಲ್ವೊ ತನ್ನ ಕಾರಿಗೆ ಹಾಕಿದಾಗ, ಅದೂ ಹೊಗೆ ಕಾನೂನು ಬಿಗಿಯಾಗಿದ್ದ ಕ್ಯಾಲಿಫೋರ್ನಿಯಾದ ಗಿರಾಕಿಗಳಿಗಾಗಿ. ಹೊಗೆಯ ವಿಷವನ್ನು ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಲ್ಯಾಂಬ್ಡಾ 1ರ ಆಸುಪಾಸಿನಲ್ಲಿ ಮಾತ್ರ ಚೆನ್ನಾಗಿ ದುಡಿಯುತ್ತದೆ. ಆ ಹದ ಹಿಡಿಯಲು ಸೆನ್ಸರ್ ಬೇಕಾಯಿತು. ನಮ್ಮಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ದೇಶದಿಂದಲೇ ಹೋಯಿತು. ಸೀಸ ಕನ್ವರ್ಟರಿಗೂ ಸೆನ್ಸರ್‌ಗೂ ವಿಷವಾದ್ದರಿಂದ ಆ ಹೆಜ್ಜೆ ಇಡದೆ ಮುಂದೆ ಹೋಗುವಂತಿರಲಿಲ್ಲ. ಬಿಎಸ್-4 ಬೆಂಗಳೂರಿಗೆ 2010ರಲ್ಲಿ, ಇಡೀ ದೇಶಕ್ಕೆ 2017ರಲ್ಲಿ ಬಂತು. ಬಿಎಸ್-6 ಬಂದ 2020ರ ಏಪ್ರಿಲ್‌ನಿಂದ ಈಚೆಗೆ ಸ್ಕೂಟರ್, ಬೈಕುಗಳಲ್ಲೂ ಈ ಸೆನ್ಸರ್ ಸಾಮಾನ್ಯ. ಹಾಲಿನ ಕ್ಯಾನ್ ಹೊತ್ತು ಡೇರಿಗೆ ಹೋಗುವ ಗಾಡಿಯ ಪೈಪಿನಲ್ಲೂ ಈಗ ನರ್ನ್‌ಸ್ಟ್ ಕೂತಿರಬಹುದು.

ಕಾರ್ಬುರೇಟರ್ ಕಾಲದ ಮೆಕ್ಯಾನಿಕ್‌ಗಳಿಗೆ ಇವೆಲ್ಲ ಬೇಕಿರಲಿಲ್ಲ. ಮಿಕ್ಸ್‌ಚರ್ ಸ್ಕ್ರೂ ಒಂದಿಷ್ಟು ತಿರುಗಿಸಿ, ಕಿವಿ ಕೊಟ್ಟು ಕೇಳಿ, ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದು ಹದ ಹೇಳುತ್ತಿದ್ದರು. ಆ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಅಭ್ಯಾಸದಲ್ಲಿ ಸೆನ್ಸರನ್ನೂ ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ‘ಕ್ಲೀನ್ ಮಾಡಿವ್ನಿ, ಇನ್ನೊಂದ್ ವರ್ಷ ಓಡ್ತದೆ’ ಅಂದರೆ ಒಪ್ಪಲಾಗದು. ಮೇಲಿನ ಮಸಿ ಹೋಗಬಹುದು, ಪ್ಲಾಟಿನಂ ಲೇಪದ ರಂಧ್ರಗಳಲ್ಲಿ ಕೂತ ವಿಷ ಹೋಗುವುದಿಲ್ಲ. ಉಜ್ಜಿದರೆ ಲೇಪವೇ ಕಿತ್ತು ಬರುತ್ತದೆ.

ಸೆನ್ಸರ್ ಸವೆಯುವುದು ಹೇಗೆ? ಟಯರಿನ ಹಾಗೆ ಕಣ್ಣಿಗೆ ಕಾಣುವಂತಲ್ಲ. ಅದು ಮಂದವಾಗುತ್ತದೆ. ಚೆನ್ನಾಗಿರುವ ಸೆನ್ಸರ್ ಎಂಜಿನ್ ಬಿಸಿಯಾಗಿದ್ದಾಗ ಸೆಕೆಂಡಿಗೆ ಒಂದೆರಡು ಸಲ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಹಳತಾದದ್ದು ನಿಧಾನವಾಗಿ ಏಳುತ್ತದೆ, ನಿಧಾನವಾಗಿ ಇಳಿಯುತ್ತದೆ, ಅಷ್ಟರಲ್ಲಿ ಇಸಿಎಂ ತಪ್ಪು ಅಳತೆಯಲ್ಲಿ ಪೆಟ್ರೋಲ್ ಸುರಿದಿರುತ್ತದೆ. ಬೇಗ ಕಾಯಲೆಂದು ಒಳಗೇ ಹೀಟರ್ ಇರುವ ಸೆನ್ಸರ್‌ಗಳು ಸಾಮಾನ್ಯವಾಗಿ ಒಂದು ಲಕ್ಷ ಕಿ.ಮೀ. ದಾಟಿ ಬಾಳುತ್ತವೆ. ಬೇಗ ಸಾಯುವುದಕ್ಕೆ ನಮ್ಮ ಕಡೆ ಕಾರಣಗಳು ಬೇಕಾದಷ್ಟಿವೆ. ಆಯಿಲ್ ಕುಡಿಯುವ ಮುದಿ ಎಂಜಿನ್ ಒಂದು; ಆಯಿಲ್‌ನ ರಂಜಕ ಪ್ಲಾಟಿನಂ ಮೇಲೆ ಪದರ ಕಟ್ಟುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಉರಿಯುವುದು ಇನ್ನೊಂದು. ಟ್ಯಾಪೆಟ್ ಕವರಿಗೆ ಟ್ಯೂಬಿನಿಂದ ಧಾರಾಳವಾಗಿ ಹಿಂಡುವ ಅಗ್ಗದ ಸಿಲಿಕಾನ್ ಪೇಸ್ಟ್ ಮೂರನೆಯದು: ಅದರ ಆವಿ ಎಂಜಿನ್ನಿಗೆ ಹೋಗಿ ಉರಿದು ಸೆನ್ಸರ್ ಮೇಲೆ ಮರಳಿನಂಥ ಬಿಳಿ ಪದರವಾಗುತ್ತದೆ. ‘ಸೆನ್ಸರ್ ಸೇಫ್’ ಎಂದು ಬರೆದ ಪೇಸ್ಟು ಸಿಗುತ್ತದೆ, ಅದನ್ನೇ ಕೇಳಿ. ದೂರದ ಪ್ರಯಾಣ ಮುಗಿಸಿ ಬಂದ ಕಾರನ್ನು ನೇರ ನಾಲೆ ಏರಿಗೆ ಒಯ್ದು, ಬಾನೆಟ್ ಎತ್ತಿ, ಕಾದ ಪೈಪಿನ ಮೇಲೆ ಬಕೆಟ್ ನೀರು ಎರಚುವುದಂತೂ ಪಿಂಗಾಣಿ ಬಿರುಕು ಬಿಡಿಸುವ ಖಚಿತ ದಾರಿ.

ಇಲಿಗಳನ್ನು ಮರೆಯುವಂತಿಲ್ಲ. ಗದ್ದೆ, ಕಬ್ಬಿನ ತೋಟದ ಮಗ್ಗುಲಲ್ಲಿ ಕಾರು ನಿಲ್ಲಿಸುವ ಊರುಗಳಲ್ಲಿ ಬೆಚ್ಚಗಿನ ಬಾನೆಟ್ ಕೆಳಗೆ ಸೇರಿ ವೈರ್ ಕಡಿಯುವುದು ಅವುಗಳ ನಿತ್ಯದ ಕೆಲಸ. ಕಡಿದದ್ದು ಸೆನ್ಸರಿನ ತಂತಿಯಾದರೆ ದೀಪ ಹತ್ತುತ್ತದೆ, ಅಂಗಡಿಯವನು ಹೊಸ ಸೆನ್ಸರ್ ಮಾರುತ್ತಾನೆ, ಹೊಸದು ಹಾಕಿದ ಮೇಲೂ ದೀಪ ಆರುವುದಿಲ್ಲ.

ಹಾಗಾಗಿ ಬದಲಿಸುವುದಕ್ಕೆ ಮೊದಲು ಪರೀಕ್ಷೆ. ಇದೇ ಈ ಲೇಖನದ ಹಟ ಅನ್ನಿ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಬರುತ್ತದೆ. ‘ಪಿ 0135’ ಅಂದರೆ ಕನ್ವರ್ಟರಿಗೆ ಮುಂಚಿನ ಸೆನ್ಸರಿನ ಹೀಟರ್ ಸರ್ಕ್ಯೂಟ್. ‘ಪಿ 0133’ ಅಂದರೆ ಅದು ಮಂದ. ಇವೆರಡೂ ಸೆನ್ಸರ್ ಅಥವಾ ಅದರ ತಂತಿ, ಫ್ಯೂಸಿನ ಕಡೆ ಬೊಟ್ಟು ಮಾಡುತ್ತವೆ. ‘ಪಿ 0171’ ಬೇರೆ ಕತೆ. ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಎಂದು ಸೆನ್ಸರ್ ವರದಿ ಮಾಡಿದೆ ಅಂತ ಅದರ ಅರ್ಥ. ವರದಿ ನಿಜವೇ ಇರಬಹುದು: ಇನ್‌ಟೇಕ್ ಹೋಸು ಬಿರಿದಿದೆ, ಪೆಟ್ರೋಲ್ ಪಂಪು ಸೋತಿದೆ, ಇಂಜೆಕ್ಟರ್ ಕಟ್ಟಿದೆ. ಈ ಕೋಡ್ ನೋಡಿ ಸೆನ್ಸರ್ ಬದಲಿಸಿದವರ ದುಡ್ಡು ನೀರಿಗೆ. ಸೆನ್ಸರಿಗಿಂತ ಮೊದಲು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ಸುಳ್ಳು ಓದುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬರುವ ಟಪಟಪ ಸದ್ದು ಅದರ ಸುಳಿವು.

ಸ್ಕ್ಯಾನರ್ ಇಲ್ಲವೇ? ಮಲ್ಟಿಮೀಟರ್ ಸಾಕು. ಹೀಟರ್ ಫ್ಯೂಸ್ ನೋಡಿ. ಕನೆಕ್ಟರ್ ಬಿಚ್ಚಿ ಹೀಟರಿನ ಎರಡು ತಂತಿಗಳ ನಡುವೆ ಓಮ್ ಅಳೆಯಿರಿ. ಬಾಷ್ ಮಾದರಿಯಲ್ಲಿ ಅವು ಎರಡೂ ಬಿಳಿ, ಸಿಗ್ನಲ್ ಕಪ್ಪು, ಗ್ರೌಂಡ್ ಬೂದು. ಬೇರೆ ಕಂಪನಿಗಳ ಬಣ್ಣ ಬೇರೆ. ಕೆಲವೇ ಓಮ್ ಬಂದರೆ ಹೀಟರ್ ಬದುಕಿದೆ, ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ. ಆಮೇಲೆ ಕನೆಕ್ಟರ್ ಹಾಕಿ, ಎಂಜಿನ್ ಬಿಸಿ ಮಾಡಿ, ಸಿಗ್ನಲ್ ತಂತಿಯ ವೋಲ್ಟೇಜ್ ನೋಡುತ್ತ ಆಕ್ಸಿಲರೇಟರ್ ಒಮ್ಮೆ ಗಕ್ಕನೆ ಒತ್ತಿ. 0.8ರ ಕಡೆ ಜಿಗಿಯಬೇಕು. ಒಂದು ವ್ಯಾಕ್ಯೂಮ್ ಹೋಸ್ ಕಿತ್ತರೆ 0.2ರ ಕೆಳಗೆ ಬೀಳಬೇಕು. ಎರಡೂ ಕಡೆ ಚುರುಕಾಗಿ ಓಡಿದರೆ ಸೆನ್ಸರ್ ನಿಯತ್ತಾಗಿದೆ, ತಪ್ಪು ಬೇರೆಡೆ ಹುಡುಕಿ. 0.45ರ ಸುತ್ತ ಅಲ್ಲಾಡದೆ ಕೂತರೆ ಅಥವಾ ತೂಕಡಿಸಿದರೆ ಬದಲಿಸುವ ಕಾಲ ಬಂತು. ಹೊಸ ಕಾರುಗಳ ‘ಏರ್-ಫ್ಯೂಯಲ್’ ಸೆನ್ಸರ್ ಮಾತ್ರ ಹೀಗೆ ತೂಗುವುದಿಲ್ಲ, ಅದಕ್ಕೆ ಸ್ಕ್ಯಾನರೇ ಬೇಕು.

ಇನ್ನೊಂದು ಪುರಾವೆ ಬಹಳ ಜನರ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಬಿದ್ದಿರುತ್ತದೆ: ಹೊಗೆ ತಪಾಸಣೆಯ ಚೀಟಿ. ಬಿಎಸ್-4, ಬಿಎಸ್-6 ಪೆಟ್ರೋಲ್ ಕಾರಿಗೆ ಐಡಲಿಂಗ್‌ನಲ್ಲಿ ಇಂಗಾಲದ ಮಾನಾಕ್ಸೈಡ್ ಶೇ 0.3 ಮೀರಬಾರದು, 2,500 ಆರ್‌ಪಿಎಂ ಆಸುಪಾಸಿನಲ್ಲಿ ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಹಿಂದಿನ ವರ್ಷದ ಚೀಟಿಗೂ ಈ ವರ್ಷದ್ದಕ್ಕೂ ಹೋಲಿಸಿದರೆ ಸೆನ್ಸರ್ ಮಂದವಾಗುತ್ತಿರುವುದು ಕಂಡೀತು. ಪ್ರೋಬನ್ನು ನಿಜವಾಗಿ ಸೈಲೆನ್ಸರ್ ಒಳಗೆ ತೂರಿಸಿ ಅಳೆದಿದ್ದರೆ, ಅಷ್ಟೆ.

ಇನ್ನು ಬಿಚ್ಚುವ ಕೆಲಸ. ಸೆನ್ಸರ್ ಎರಡಿದ್ದರೆ ಕನ್ವರ್ಟರಿಗೆ ಮುಂಚಿನದ್ದು ಹದ ಹಿಡಿಯುವ ಸೆನ್ಸರ್, ನಂತರದ್ದು ಕನ್ವರ್ಟರಿನ ಕೆಲಸ ಕಾಯುವುದು. ಯಾವುದು ಕೆಟ್ಟಿದೆ ಎಂದು ಕೋಡ್ ಹೇಳುತ್ತದೆ; ಎರಡನ್ನೂ ಒಟ್ಟಿಗೆ ಬದಲಿಸಿ ಎನ್ನುವವರ ಮಾತು ಬೇಡ. ಪೂರ್ತಿ ತಣ್ಣಗಿದ್ದಾಗ ತಿರುಪು ಕಚ್ಚಿಕೊಂಡಿರುತ್ತದೆ, ಕಾದಾಗ ಕೈ ಸುಡುತ್ತದೆ. ಎಂಜಿನ್ ಒಂದಿಷ್ಟು ಓಡಿಸಿ, ಕೈ ತಾಳುವಷ್ಟು ಆರಲು ಬಿಟ್ಟು, ಬ್ಯಾಟರಿಯ ನೆಗೆಟಿವ್ ತೆಗೆದು ಶುರು ಮಾಡುವುದು ಸರಿ. ಮೊದಲು ಕನೆಕ್ಟರ್. ಅದರ ಕ್ಲಿಪ್ ಬಿಸಿಗೆ ಬಿರುಸಾಗಿರುತ್ತದೆ, ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಪಟ್ ಅಂತ ಮುರಿಯುತ್ತದೆ. ಹೆಬ್ಬೆರಳಲ್ಲೇ ಒತ್ತಿ ಜಾರಿಸಬೇಕು. ತಿರುಪಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಚಹಾ ಕುಡಿದು ಬನ್ನಿ. ಆಮೇಲೆ ತಂತಿ ಹಾಯಲು ಸೀಳು ಇರುವ 22 ಎಂ.ಎಂ. ಸಾಕೆಟ್. ಹಿಡಿ ಎಳೆದಾಗ ಮೊದಲು ಏನೂ ಆಗುವುದಿಲ್ಲ, ಆಮೇಲೆ ಟಕ್ ಎಂದು ಬಿಡುತ್ತದೆ, ಕೆಂಪು ತುಕ್ಕಿನ ಪುಡಿ ಉದುರುತ್ತದೆ. ಅರ್ಧ ಸುತ್ತಿಗೆ ಮತ್ತೆ ಕಚ್ಚಿದರೆ ಬಲ ಹಾಕಬೇಡಿ. ಹಿಂದಕ್ಕೆ ಬಿಗಿದು, ಇನ್ನಷ್ಟು ಎಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸುತ್ತಲೇ ಹೊರತೆಗೆಯಬೇಕು. ಬಲ ಹಾಕಿದರೆ ಮ್ಯಾನಿಫೋಲ್ಡಿನ ಥ್ರೆಡ್ಡೇ ಸೆನ್ಸರ್ ಜೊತೆ ಬರುತ್ತದೆ, ಆಗ 18 ಎಂ.ಎಂ. ಟ್ಯಾಪ್ ಹಿಡಿದು ಮತ್ತೆ ಥ್ರೆಡ್ ಮಾಡುವ ರಾಮಾಯಣ.

ಕೈಗೆ ಬಂದ ಹಳೆಯ ಸೆನ್ಸರನ್ನು ಮೂಲೆಗೆ ಎಸೆಯುವ ಮೊದಲು ಅದರ ಟೋಪಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ವಯಸ್ಸಾಗಿ ಹೋದದ್ದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಉರಿದಿದೆ. ಬಿಳಿ ಪುಡಿ ಇದ್ದರೆ ಸಿಲಿಕಾನ್ ಅಥವಾ ಕೂಲೆಂಟ್. ಬಿಳಿ ಪುಡಿ ಕಂಡೂ ಹೆಡ್ ಗ್ಯಾಸ್ಕೆಟ್ ನೋಡದೆ ಹೊಸ ಸೆನ್ಸರ್ ತಿರುಪಿದರೆ ಅದಕ್ಕೂ ಅದೇ ಗತಿ.

ಹೊಸದನ್ನು ಕೂರಿಸುವಾಗ ತುದಿಯನ್ನು ಕೈಯಲ್ಲಿ ಮುಟ್ಟಬಾರದು. ಕೆಳಗೆ ಬಿದ್ದರೆ ಹಾಕಲೇಬಾರದು, ಒಳಗಿನ ಪಿಂಗಾಣಿ ಸೀಳಿದ್ದು ಹೊರಗೆ ಕಾಣುವುದಿಲ್ಲ. ಥ್ರೆಡ್ಡಿಗೆ ಬಳಿದ ಪೇಸ್ಟ್ ಕಂಪನಿಯಿಂದಲೇ ಬಂದಿರುತ್ತದೆ, ಮತ್ತೆ ಗ್ರೀಸ್ ಬೇಡ. ಮೊದಲ ಸುತ್ತುಗಳು ಬರೀ ಕೈಯಲ್ಲೇ ಹೋಗಬೇಕು, ತಂತಿ ಹುರಿಗೊಳ್ಳದಂತೆ ಕನೆಕ್ಟರ್ ಕೊನೆಗೆ ಹಾಕಬೇಕು. ಬಿಗಿ ಸಾಮಾನ್ಯವಾಗಿ 35ರಿಂದ 45 ನ್ಯೂಟನ್ ಮೀಟರ್. ಟಾರ್ಕ್ ವ್ರೆಂಚ್ ಇಲ್ಲದ ಕಡೆ ವಾಷರ್ ಅಮುಕಿ ಕೂರುವಷ್ಟು ಸಾಕು, ಮೈಮೇಲೆ ಬಿದ್ದು ಎಳೆಯುವುದು ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ‘ಯೂನಿವರ್ಸಲ್’ ಸೆನ್ಸರಿನ ತಂತಿಗಳನ್ನು ಕತ್ತರಿಸಿ ಬೆಸುಗೆ ಹಾಕಿ ಜೋಡಿಸುವವರಿಗೆ ಒಂದು ಮಾತು: ಎಷ್ಟೋ ಸೆನ್ಸರ್‌ಗಳು ಒಳಮೈಗೆ ಬೇಕಾದ ಗಾಳಿಯನ್ನು ಎಳೆದುಕೊಳ್ಳುವುದೇ ತಂತಿಯ ಎಳೆಗಳ ನಡುವಿನ ಸಂದಿಯಿಂದ. ಬೆಸುಗೆಯ ಸೀಸ ಅಲ್ಲಿ ತುಂಬಿಕೊಂಡರೆ ಸೆನ್ಸರ್ ಉಸಿರು ಕಟ್ಟುತ್ತದೆ. ಜೋಡಿಸಲೇಬೇಕಿದ್ದರೆ ಕ್ರಿಂಪ್ ಮಾಡಿ. ಕಾರಿಗೆಂದೇ ಬರುವ ಕನೆಕ್ಟರ್ ಸಮೇತದ್ದು ಸಿಕ್ಕರೆ ಈ ತಕರಾರೇ ಇಲ್ಲ. ಒಂದಿಷ್ಟು ಸಾವಿರ ಹೆಚ್ಚು ಬಿದ್ದರೂ ಅದೇ ವಾಸಿ, ಏಕೆಂದರೆ ಕೆಟ್ಟ ಸೆನ್ಸರ್ ಜೊತೆ ಓಡಿಸಿದ ಕಾರಿನಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸುತ್ತದೆ, ಅದರೊಳಗೆ ಇರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಅದರ ಬಿಲ್ ಮುಂದೆ ಸೆನ್ಸರಿನ ಬೆಲೆ ಚಿಲ್ಲರೆ.

ಕೋಡ್ ಅಳಿಸಿದ ಮೇಲೆ ಇಸಿಎಂ ಹೊಸ ಸೆನ್ಸರಿಗೆ ಹೊಂದಿಕೊಳ್ಳಲು ನಾಲ್ಕಾರು ಥರದ ಓಡಾಟ ಬೇಕು. ಅದಕ್ಕೆ ಈ ಸೀಮೆಗಿಂತ ಒಳ್ಳೆಯ ದಾರಿ ಸಿಗದು. ಶ್ರೀರಂಗಪಟ್ಟಣದ ಪೇಟೆಯ ನಿಂತು ನಿಂತು ಸಾಗುವ ಗಲ್ಲಿ, ಎಕ್ಸ್‌ಪ್ರೆಸ್‌ವೇಯ ಒಂದೇ ವೇಗದ ಓಟ, ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಏರುವ ಬೆಟ್ಟ, ಅಲ್ಲಿಂದ ನಾಗಮಂಗಲದ ಕಡೆಗಿನ ಬಯಲು. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಭಾಗಾಕಾರ ಮಾಡಿ. ಹಳೆಯ ಕಾರಿನಲ್ಲಿ 18 ಮತ್ತೆ ಬರಲಿಕ್ಕಿಲ್ಲ, 17ರ ಹತ್ತಿರ ಬಂದರೆ ಸೆನ್ಸರ್ ತನ್ನ ಪಾಲು ಮರಳಿಸಿದೆ. ಉಳಿದ ಒಂದು ಕಿಲೋಮೀಟರಿಗೆ ಬಂಕನ್ನು ಬೈದುಕೊಳ್ಳಿ.

ಹಳೆಯ ಕಾರು ಕೊಳ್ಳುವವರಿಗೂ ಇಲ್ಲಿ ಒಂದು ಕೆಲಸವಿದೆ. ಹಳದಿ ದೀಪದ ಕಾಟಕ್ಕೆ ಸೆನ್ಸರ್ ಬದಲಿಸುವ ಬದಲು ಮೀಟರ್ ಬಿಚ್ಚಿ ಬಲ್ಬನ್ನೇ ತೆಗೆಯುವ, ಅದಕ್ಕೆ ಟೇಪ್ ಅಂಟಿಸುವ ಜಾಣರು ಎಲ್ಲ ಊರಿನಲ್ಲೂ ಇದ್ದಾರೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಆಯಿಲ್, ಬ್ಯಾಟರಿ ದೀಪಗಳ ಜೊತೆ ಎಂಜಿನ್ ಚಿತ್ರದ ದೀಪವೂ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಬೆಲೆ ಮಾತಾಡುವ ಮೊದಲು ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನನ್ನು ಕರೆಸಿ.